ಬೆಟ್ಟದ ಮೇಲೆ ಒಬ್ಬಳೇ ಒಂದು ದಿನ: ದುರ್ಗದ ಕಡೆ ಎಲ್ಲಿಗೆ ಹೋಗಲಿ?

ಕೇಳಿದವರು, ದಾವಣಗೆರೆ:
ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ದಿನವಿಡೀ ಜನ, ಫೋನು. ಮನೆಗೆ ಬಂದರೆ ಟಿವಿ. ಒಂದು ದಿನ ಯಾರ ಹತ್ತಿರವೂ ಮಾತಾಡದೆ ಬೆಟ್ಟದ ಮೇಲೆ ಸುಮ್ನೆ ಕೂತು ಬರಬೇಕು ಅನ್ನಿಸಿದೆ. ಸ್ವಂತ ಗಾಡಿ ಇಲ್ಲ, ಬಸ್ಸೇ ಗತಿ. ಚಾರಣ ಗೀರಣ ಅಭ್ಯಾಸವಿಲ್ಲ. ಅತ್ತೆಗೆ ಹೇಳಿದರೆ "ಒಬ್ಬಳೇ ಗುಡ್ಡಕ್ಕಾ? ಯಾಕೆ, ಮನೆಯಲ್ಲಿ ಏನಾಯ್ತು?" ಅಂತ ಗಾಬರಿಯಾದರು. ಹೋಗಿ ಬಂದವರು ಹೇಳಿ. ಎಲ್ಲಿ, ಯಾವಾಗ, ಏನು ಜೋಪಾನ?

ಕೋಟೆ ಬುಡದ ಮನೆಯವರು, ಚಿತ್ರದುರ್ಗ:
ಮೊದಲ ಸಲ ಅಂದರೆ ನಮ್ಮ ಕಲ್ಲಿನ ಕೋಟೆಗೇ ಬನ್ನಿ ಅಕ್ಕ. "ಅಲ್ಲಿ ಶಾಂತಿ ಎಲ್ಲಿದೆ, ಬರೀ ಸ್ಕೂಲ್ ಪ್ರವಾಸದ ಬಸ್ಸುಗಳು" ಅನ್ನುವವರಿದ್ದಾರೆ. ಆದರೆ ಗಲಾಟೆಯೆಲ್ಲ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗುತ್ತದೆ. ಬಾಗಿಲುಗಳು, ಏಕನಾಥೇಶ್ವರಿ, ಹಿಡಿಂಬೇಶ್ವರ, ಓಬವ್ವನ ಕಿಂಡಿಯಲ್ಲಿ ತೂರಿಕೊಂಡು ಒಂದು ಫೋಟೊ, ವಾಪಸ್. ನೀವು ಗೋಪಾಲಸ್ವಾಮಿ ಹೊಂಡದ ಕಡೆ ತಿರುಗಿಕೊಳ್ಳಿ. ಅಲ್ಲಿಗೆ ಬರುವ ಹೊತ್ತಿಗೆ ಜನರ ಸದ್ದು ಹಿಂದೆ ಉಳಿದಿರುತ್ತದೆ.

ಗೇಟ್ ತೆಗೆದ ಕೂಡಲೇ ಒಳಗೆ ಬರಬೇಕು, ಅದು ಮುಖ್ಯ. ದಾವಣಗೆರೆಯಿಂದ ಅರವತ್ತು ಕಿಲೋಮೀಟರ್ ಅಷ್ಟೇ, ಮೊದಲ ಬಸ್ಸುಗಳಲ್ಲಿ ಹೊರಟರೆ ಆಯಿತು. ಸ್ಟ್ಯಾಂಡಿನಿಂದ ಕೋಟೆಗೆ ಆಟೊ ಸಿಗುತ್ತದೆ. ಟಿಕೆಟ್ ಇರುವ ಜಾಗ, ಕಾವಲಿನವರು ಓಡಾಡುತ್ತಿರುತ್ತಾರೆ. ಒಬ್ಬರೇ ಬರುವವರಿಗೆ ಅದೇ ದೊಡ್ಡ ಧೈರ್ಯ.

ಮಳೆ ಚೆನ್ನಾಗಿ ಆದ ವರ್ಷ ಹೊಂಡದ ಹತ್ತಿರ ಎಷ್ಟು ಹೊತ್ತು ಕೂತರೂ ಬೇಸರವಾಗುವುದಿಲ್ಲ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಇನ್ನೂ ಕೆಳಗೆ, ಊರೊಳಗಿನ ಸಂತೆ ಹೊಂಡದ ಕಡೆಗೆ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಪಾಳೇಗಾರರ ಕಾಲದಲ್ಲೇ ಹೀಗೆ ಹಿಡಿದು ಕೂಡಿಟ್ಟಿದ್ದರು. 1779ರಲ್ಲಿ ಹೈದರಾಲಿ ಕೋಟೆ ಹಿಡಿದ ಕಥೆ ಎಲ್ಲರೂ ಹೇಳುತ್ತಾರೆ, ಈ ನೀರಿನ ಕಥೆ ಹೇಳುವವರು ಕಡಿಮೆ. ಹೊಂಡಕ್ಕೆ ಇಳಿಯಬೇಡಿ, ಪಾಚಿ ಜಾರುತ್ತದೆ.

ಊಟದ ಚೀಲ ಮಾತ್ರ ಕೈಯಲ್ಲಿ ತೂಗಾಡಿಸಿಕೊಂಡು ಬರಬೇಡಿ. ಇಲ್ಲಿನ ಕೋತಿಗಳಿಗೆ ಪ್ಲಾಸ್ಟಿಕ್ ಕವರ್ ಸದ್ದು ದೂರದಿಂದಲೇ ಕೇಳುತ್ತದೆ. ಬೆನ್ನಿಗೆ ಹಾಕುವ, ಜಿಪ್ ಇರುವ ಬ್ಯಾಗ್ ತನ್ನಿ. ಮತ್ತೆ, ಜ್ಯೋತಿರಾಜ್ ಗೋಡೆ ಹತ್ತುವ ವಿಡಿಯೊ ನೋಡಿಕೊಂಡು ಬಂದು ಬಂಡೆಗೆ ಕೈ ಹಾಕುವ ಹುಡುಗರು ಇರುತ್ತಾರೆ. ಅವರ ಕೆಳಗೆ ಕೂರಬೇಡಿ!

ಒಂದು ಪ್ರಶ್ನೆ, ಹೊಳಲ್ಕೆರೆ:
ಜೋಗಿಮಟ್ಟಿ ಬಿಟ್ಟು ಕೋಟೆ ಹೇಳ್ತಿದ್ದೀರಲ್ಲ? ತಂಪು, ಹಸಿರು, ಗಾಳಿ ಎಲ್ಲ ಅಲ್ಲೇ ತಾನೇ?

ಕಾಡಿನ ಓಡಾಟದವರು, ಚಿತ್ರದುರ್ಗ:
ಜೋಗಿಮಟ್ಟಿ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆಷಾಢದಲ್ಲಿ ಮೋಡ ಮೈಗೆ ತಾಗಿಕೊಂಡೇ ಹೋಗುತ್ತದೆ, ಗಾಳಿಗೆ ನಿಲ್ಲುವುದೇ ಕಷ್ಟ. ಆದರೆ ಅದು ವನ್ಯಧಾಮ. ಚಿರತೆ ಇದೆ, ಕರಡಿ ಇದೆ. ಬಸ್ಸು ನಂಬಿಕೊಂಡು ಹೋಗುವ ಜಾಗವೂ ಅಲ್ಲ. ಮೊದಲ ಸಲಕ್ಕೆ, ಒಬ್ಬರೇ, ನಡೆದುಕೊಂಡು? ನಾನಂತೂ ಬೇಡ ಅನ್ನುತ್ತೇನೆ. ಹೋಗಲೇಬೇಕು ಅಂದರೆ ಗುರುತಿನ ಆಟೊದವರನ್ನು ಮಾತಾಡಿಕೊಂಡು, ಗೇಟಿನಲ್ಲಿ ಅರಣ್ಯ ಇಲಾಖೆಯವರನ್ನು ಕೇಳಿ, ರಸ್ತೆ ಬಿಡದೆ ಇದ್ದು ಬನ್ನಿ.

ನಮ್ಮ ಕಡೆಯ ಯಾವ ಗುಡ್ಡಕ್ಕೆ ಹೋದರೂ ಎರಡು ಎಚ್ಚರ. ಕರಡಿ ಸಾಮಾನ್ಯವಾಗಿ ಸಂಜೆ ಮೇಲೆ ಓಡಾಡುತ್ತದೆ, ಹಗಲು ಬಂಡೆ ಸಂದಿಯಲ್ಲಿ ಮಲಗಿರುತ್ತದೆ. ಆದ್ದರಿಂದ ಗವಿಯೊಳಗೆ ಇಣುಕುವ ಕುತೂಹಲ ಬೇಡ. ಸೀತಾಫಲ ಹಣ್ಣಾಗುವ ಕಾಲದಲ್ಲಿ ಪೊದೆಗಳ ಹತ್ತಿರ ಇನ್ನೂ ಜೋಪಾನ. ಎರಡನೆಯದು ಹೆಜ್ಜೇನು. ಬಂಡೆಯ ಚಾಚಿನ ಕೆಳಗೆ ಕಪ್ಪಗೆ ಜೋತುಬಿದ್ದಿದ್ದರೆ ಸದ್ದಿಲ್ಲದೆ ದೂರ ಸರಿಯಿರಿ. ಸೆಂಟ್ ಹಾಕಿಕೊಂಡು ಬರಬೇಡಿ. ಹತ್ತಿರದಲ್ಲಿ ಯಾರಾದರೂ ಬೆಂಕಿ, ಹೊಗೆ ಮಾಡಿದರೆ ಎದ್ದು ಹೊರಡಿ. ಚಿರತೆಗಿಂತ ನನಗೆ ಹೆಜ್ಜೇನಿನ ಭಯವೇ ಜಾಸ್ತಿ.

ಒಬ್ಬಳೇ ಓಡಾಡುವವಳು, ಹಿರಿಯೂರು:
ಗಂಡಸರು ಹೇಳದ ವಿಷಯ ನಾನು ಹೇಳುತ್ತೇನೆ. ಶೌಚಾಲಯ. ಗೇಟಿನ ಹತ್ತಿರ ಇದ್ದಾಗಲೇ ಮುಗಿಸಿಕೊಳ್ಳಿ, ಮೇಲೆ ಹೋದ ಮೇಲೆ ಕಷ್ಟ. ಹಾಗಂತ ನೀರು ಕುಡಿಯುವುದು ಬಿಡಬೇಡಿ. ನಾವು ಹೆಂಗಸರು ಅದನ್ನೇ ಮಾಡುತ್ತೇವೆ, ಮಧ್ಯಾಹ್ನ ತಲೆ ಸಿಡಿಯುತ್ತದೆ. ಎರಡು ಲೀಟರಿಗೆ ಕಡಿಮೆ ಬೇಡ. ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಇಟ್ಟುಕೊಳ್ಳಿ. ಟೀ ಚಮಚ, ತಲೆ ಸಮ ಮಾಡಿ ಅಳೆಯಿರಿ.

"ಒಬ್ಬರೇ ಬಂದಿದ್ದೀರಾ?" ಅಂತ ಕೇಳಿಯೇ ಕೇಳುತ್ತಾರೆ. ಅಜ್ಜಿ ಕೇಳಿದರೆ ನಿಜ ಹೇಳಿ, ಒಂದು ಬಾಳೆಹಣ್ಣು ಸಿಕ್ಕರೂ ಸಿಕ್ಕೀತು. ಹುಡುಗರ ಗುಂಪು ಕೇಳಿದರೆ "ಮನೆಯವರು ಹಿಂದೆ ಬರ್ತಿದ್ದಾರೆ" ಅಂದು ಮುಂದೆ ನಡೆಯಿರಿ. ಈ ಸುಳ್ಳಿಗೆ ಪಾಪ ಇಲ್ಲ. ಮನೆಯಲ್ಲಿ ಒಬ್ಬರಿಗೆ ಎಲ್ಲಿ ಕೂರುತ್ತೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಹೇಳಿರಿ. ತುರ್ತಿಗೆ 112.

ಅತ್ತೆಯವರ ವಿಷಯ. "ಬೆಟ್ಟಕ್ಕೆ" ಅನ್ನುವ ಬದಲು "ಏಕನಾಥೇಶ್ವರಿ ದರ್ಶನಕ್ಕೆ" ಅಂದು ನೋಡಿ. ಗುಡಿ ಮೇಲೇ ಇದೆ, ಹೋಗುವ ದಾರಿಯಲ್ಲಿ ಕೈ ಮುಗಿದರಾಯಿತು, ಅದೂ ನಿಜವೇ ಅಲ್ವಾ.

ದಾವಣಗೆರೆ ವಿದ್ಯಾನಗರದಿಂದ:
ಅಷ್ಟು ದೂರ ಯಾಕೆ? ಕೊಂಡಜ್ಜಿ ಇದೆಯಲ್ಲ. ಕೆರೆ, ಪಕ್ಕದಲ್ಲೇ ಸಣ್ಣ ಗುಡ್ಡ, ಸ್ಕೌಟ್ಸ್ ಶಿಬಿರದ ಜಾಗ. ಬೆಳಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದು. ಭಾನುವಾರ ಮಾತ್ರ ಬೇಡ.

ನಿವೃತ್ತ ಮೇಷ್ಟ್ರು, ಮೊಳಕಾಲ್ಮೂರು ಕಡೆ:
ತಂಗಿ, ಎರಡನೇ ಸಲಕ್ಕೆ ನಮ್ಮ ಜಟಿಂಗ ರಾಮೇಶ್ವರ ಬೆಟ್ಟ ಇಟ್ಟುಕೊಳ್ಳಮ್ಮ. ರಾವಣನ ಜೊತೆ ಹೋರಾಡಿ ಜಟಾಯು ಬಿದ್ದದ್ದು ಇಲ್ಲೇ ಅಂತ ನಮ್ಮ ಜನರ ನಂಬಿಕೆ. ಮೆಟ್ಟಿಲು ಹತ್ತಿ ಹೋದರೆ ಅಶೋಕನ ಶಾಸನವಿದೆ. ಪಕ್ಕದ ಸಿದ್ದಾಪುರ, ಬ್ರಹ್ಮಗಿರಿಯಲ್ಲೂ ಇವೆ. ಬ್ರಾಹ್ಮಿ ಲಿಪಿಯಲ್ಲಿ ಎಲ್ಲ ಬರೆದ ಮೇಲೆ, ಬರೆದ ಚಪಡ ಎಂಬವನು ತನ್ನ ಕೆಲಸದ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ನಮ್ಮ ಕಡೆಯದಲ್ಲ, ದೂರದ ವಾಯವ್ಯದ ಲಿಪಿ. ಎಲ್ಲಿಂದಲೋ ಬಂದ ಮನುಷ್ಯ, ಈ ಬಿಸಿಲು ಗುಡ್ಡದಲ್ಲಿ ಕಲ್ಲಿನ ಮುಂದೆ ಕೂತಿದ್ದ. ಮೌನವಾಗಿ ಕೂರಲು ಇಷ್ಟು ಸಾಕಲ್ಲವೇ? ಆದರೆ ಅಲ್ಲಿ ನೆರಳು ಕಡಿಮೆ. ಚಳಿಗಾಲಕ್ಕೇ ಬಾಮ್ಮ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಕೋಟೆಯೇ ಅಂತ ತೀರ್ಮಾನ ಮಾಡಿದೆ. ಆದರೆ ಹೋಗಿ ಕೂತ ಮೇಲೆ ಬೋರ್ ಆದರೆ? ಫೋನ್ ಆಫ್ ಮಾಡಬೇಕಾ? ಊಟಕ್ಕೆ ಏನು ಒಯ್ಯಲಿ? ನನ್ನ ರಜೆ ಮಂಗಳವಾರ.

ಕೋಟೆ ಬುಡದ ಮನೆಯವರು:
ಬೋರ್ ಆಗುತ್ತದೆ. ಮೊದಲ ಒಂದು ಗಂಟೆ ತಲೆಯಲ್ಲಿ ಅಂಗಡಿ ಲೆಕ್ಕವೇ ಓಡುತ್ತದೆ, ಓಡಲಿ. ಎದ್ದು ಇನ್ನೊಂದು ಜಾಗ ನೋಡೋಣ ಅನ್ನಿಸುತ್ತದೆ, ಏಳಬೇಡಿ. ಒಂದೇ ದಿನಕ್ಕೆ ಕೋಟೆ, ಚಂದ್ರವಳ್ಳಿ, ಮುರುಘಾ ಮಠ ಅಂತ ಪಟ್ಟಿ ಮಾಡಿಕೊಂಡರೆ ಅದು ಪ್ರವಾಸ, ನೀವು ಕೇಳಿದ್ದು ಅದಲ್ಲ. ಫೋನ್ ಆಫ್ ಬೇಡ, ಸೈಲೆಂಟ್ ಮಾಡಿ ಬ್ಯಾಗಿನೊಳಗೆ ಹಾಕಿ. ಅತ್ತೆಗೆ ಮಧ್ಯಾಹ್ನ ಒಂದು ಮೆಸೇಜ್.

ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಈರುಳ್ಳಿ. ಮೊಸರನ್ನ ಬಿಸಿಲಿಗೆ ಹುಳಿಯಾಗುತ್ತದೆ. ಹನ್ನೊಂದರ ಮೇಲೆ ಬಂಡೆ ಕಾಯುತ್ತದೆ, ಅಷ್ಟರೊಳಗೆ ಮಂಟಪದ ನೆರಳು ಹಿಡಿದಿರಿ. ಮಧ್ಯಾಹ್ನ ಮೋಡ ಕಟ್ಟಿ ಗುಡುಗಿದರೆ ಎತ್ತರದಿಂದ ಕೆಳಗೆ ಬಂದುಬಿಡಿ.

ಮಂಗಳವಾರ, ಶುಕ್ರವಾರ ದೇವಿಯ ವಾರ, ಏಕನಾಥೇಶ್ವರಿಗೆ ಭಕ್ತರು ಜಾಸ್ತಿ. ಅಂಗಡಿಯಲ್ಲಿ ಕೇಳಿ ರಜೆಯನ್ನು ಬುಧವಾರಕ್ಕೆ ಬದಲಾಯಿಸಿಕೊಳ್ಳಲು ಆಗುತ್ತದಾ ನೋಡಿ.