ಅವಧಿಯಿಲ್ಲದ ಪುಟ್ ಆಪ್ಷನ್: ಲಾಭ ಕಂಡ ಕೂಡಲೇ ಏಕೆ ಮಾರಬಾರದು?

ಪ್ರಶ್ನೆ: ನಮಸ್ಕಾರ ಸರ್. ನಾನು ಗಣಿತದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಲಾಭಾಂಶವಿಲ್ಲದ ಷೇರೊಂದನ್ನು ಯಾವಾಗ ಬೇಕಾದರೂ ₹100ಕ್ಕೆ ಮಾರುವ ಹಕ್ಕಿರುವ, ಅವಧಿಯೇ ಮುಗಿಯದ ಅಮೆರಿಕನ್ ಪುಟ್‌ನಲ್ಲಿ, ಬೆಲೆ ₹90ಕ್ಕೆ ಇಳಿದು ₹10 ಲಾಭ ಕಾಣುತ್ತಿದ್ದರೂ ಕಾಯಬೇಕೆಂದು ಪಠ್ಯ ಹೇಳುತ್ತದೆ. ಎಲ್ಲಿಯವರೆಗೆ ಕಾಯಬೇಕು? ಮಾರಬೇಕಾದ ಗಡಿಬೆಲೆಯಲ್ಲಿ, ಹಕ್ಕಿನ ಮೌಲ್ಯದ ವಕ್ರರೇಖೆಯು ಲಾಭದ ಸರಳರೇಖೆಯನ್ನು (₹100ರಿಂದ ಬೆಲೆಯನ್ನು ಕಳೆದದ್ದು) ನಯವಾಗಿ ಸ್ಪರ್ಶಿಸಬೇಕೆಂಬ ನಿಯಮ ಏಕೆ ಬೇಕು?

ಉತ್ತರ: ಇದು ಗಣಿತಜ್ಞ ಹೆನ್ರಿ ಮೆಕೀನ್ 1965ರಲ್ಲಿ ಮುಕ್ತ ಗಡಿಯ ಸಮಸ್ಯೆಯಾಗಿ (ಗಡಿ ಎಲ್ಲಿದೆ ಎಂಬುದನ್ನೂ ಉತ್ತರದ ಭಾಗವಾಗಿ ಕಂಡುಹಿಡಿಯಬೇಕಾದ ಸಮಸ್ಯೆ) ರೂಪಿಸಿದ ಚಿಂತನೆಗೆ ಸೇರಿದ ಪ್ರಶ್ನೆ. ಅವಧಿಯ ಮಿತಿಯಿಲ್ಲದ ಕಾರಣ ನಿರ್ಧಾರವು ಇಂದಿನ ಬೆಲೆಯೊಂದನ್ನೇ ಅವಲಂಬಿಸುತ್ತದೆ. ಆದ್ದರಿಂದ ಬೆಲೆ ಒಂದು ಗಡಿಗೆ ಇಳಿದಾಗ ಮಾರುವುದೇ ಸೂಕ್ತ ನಿಯಮ. ವಾರ್ಷಿಕ ಬಡ್ಡಿ 5%, ಷೇರು ಬೆಲೆಯ ವಾರ್ಷಿಕ ಏರಿಳಿತ (ವೊಲಟಿಲಿಟಿ) 20% ಎಂದಿಟ್ಟುಕೊಳ್ಳಿ. ಬಡ್ಡಿಯ ಎರಡರಷ್ಟನ್ನು ಏರಿಳಿತದ ವರ್ಗದಿಂದ ಭಾಗಿಸಿದರೆ 2.5 ಬರುತ್ತದೆ. ಗಡಿಯನ್ನು ‘ಗ’ ಎಂದು ಆರಿಸಿದರೆ, ಇಂದಿನ ಮೌಲ್ಯವು (100 − ಗ) ಅನ್ನು, ಬೆಲೆ ಮತ್ತು ಗಡಿಯ ಅನುಪಾತದ −2.5ನೇ ಘಾತದಿಂದ ಗುಣಿಸಿದಷ್ಟು. ಇದನ್ನು ಗರಿಷ್ಠಗೊಳಿಸಿದರೆ ಗಡಿ ₹71.43. ಬೆಲೆ ₹90 ಇರುವಾಗ ಕಾಯುವ ಹಕ್ಕಿನ ಮೌಲ್ಯ ಸುಮಾರು ₹16. ಕೈಗೆ ಸಿಗುವ ₹10ಕ್ಕಾಗಿ ಅದನ್ನು ಬಿಟ್ಟುಕೊಡಬಾರದು.

ನಯವಾದ ಸ್ಪರ್ಶವನ್ನು ಹೊರಗಿನಿಂದ ಹೇರಿದ ಷರತ್ತೆಂದು ದಯವಿಟ್ಟು ತಿಳಿಯಬೇಡಿ. ₹90ರಲ್ಲೇ ಗಡಿ ಇಟ್ಟರೆ ಎಡಭಾಗದ ಇಳಿಜಾರು −1, ಬಲಭಾಗದ್ದು ಸುಮಾರು −0.28 ಆಗಿ, ಅಲ್ಲಿ ಮೇಲ್ಮುಖವಾಗಿ ತೆರೆದ ಮೂಲೆಯೊಂದು ಉಂಟಾಗುತ್ತದೆ. ಬೆಲೆಯ ಯಾದೃಚ್ಛಿಕ ಅಲುಗಾಟದ ಮಾದರಿಯಾದ ಬ್ರೌನಿಯನ್ ಚಲನೆಯು ಅಲ್ಪಾವಧಿಯಲ್ಲಿ ಕಾಲದ ವರ್ಗಮೂಲದಷ್ಟು ಅಲುಗಾಡುವುದರಿಂದ, ಆ ಮೂಲೆಯಲ್ಲಿ ಒಂದು ಕ್ಷಣ ಕಾದರೆ ಸಿಗುವ ಗಳಿಕೆಯೂ ವರ್ಗಮೂಲದ ಪ್ರಮಾಣದ್ದು. ಕಳೆದುಕೊಳ್ಳುವ ಬಡ್ಡಿಯಾದರೋ ಕಾಲದ ಪ್ರಮಾಣದ್ದು ಮಾತ್ರ. ಹೀಗಾಗಿ ಅಲ್ಲಿ ಮಾರುವುದು ಸರಿಯಾಗದು. ₹50ಕ್ಕೆ ಗಡಿ ಇಟ್ಟರೆ, ಅದರ ಬಲಕ್ಕೆ ವಕ್ರರೇಖೆಯು ಲಾಭರೇಖೆಗಿಂತ ಕೆಳಗೆ ಕುಸಿಯುತ್ತದೆ. ಎಂದರೆ ಮೊದಲೇ ಮಾರಬೇಕಿತ್ತು. ಈ ಎರಡೂ ತಪ್ಪುಗಳಿಲ್ಲದ ಸ್ಥಳದಲ್ಲಿ ಮಾತ್ರ ಇಳಿಜಾರುಗಳು ಕೂಡುತ್ತವೆ. ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ಸುಂದರ ಭಾಗ ಇದೇ.

ಮರುಪ್ರಶ್ನೆ: ಏರಿಳಿತ 40% ಆದರೆ ಬೇಗ ಮಾರಬೇಕಲ್ಲವೇ, ಸರ್? ಅಪಾಯ ಹೆಚ್ಚಾಯಿತಲ್ಲ.

ಉತ್ತರ: ಇಲ್ಲ, ಇನ್ನೂ ಹೆಚ್ಚು ಕಾಯಬೇಕು. ಘಾತ −0.625 ಆಗಿ ಗಡಿ ₹38.46ಕ್ಕೆ ಇಳಿಯುತ್ತದೆ. ಬೆಲೆ ಏರಿದರೆ ನಿಮ್ಮ ನಷ್ಟಕ್ಕೆ ಮಿತಿಯಿದೆ, ಇಳಿದರೆ ಲಾಭ ಬೆಳೆಯುತ್ತದೆ. ಆದ್ದರಿಂದ ಏರಿಳಿತವು ಹಕ್ಕುದಾರನ ಪರವಾಗಿದೆ. ಲೆಕ್ಕ ಮಾಡುವಾಗ ಒಂದು ಎಚ್ಚರಿಕೆ: ಷೇರಿನ ಸರಾಸರಿ ಏರಿಕೆಯ ದರವಾಗಿ ಬಡ್ಡಿದರವನ್ನೇ ಬಳಸಬೇಕು, ನಿಮ್ಮ ನಿರೀಕ್ಷೆಯನ್ನಲ್ಲ. ಭಾರತದ ವಿನಿಮಯ ಕೇಂದ್ರಗಳಲ್ಲಿ ಈಗಿನ ಷೇರು ಆಪ್ಷನ್‌ಗಳು ಅವಧಿ ಮುಗಿಯುವ ದಿನವಷ್ಟೇ ಚಲಾಯಿಸಬಹುದಾದ ಯುರೋಪಿಯನ್ ಮಾದರಿಯವಾದ್ದರಿಂದ, ಅವುಗಳನ್ನು ಅವಧಿಗೆ ಮೊದಲು ಚಲಾಯಿಸುವ ಪ್ರಶ್ನೆ ಅಲ್ಲಿ ಏಳುವುದಿಲ್ಲ.