ಅಪ್‌ಡೇಟ್: ಅಮ್ಮನ ಆಪರೇಷನ್ ಮತ್ತು ಮಣಿಕಟ್ಟಿನ ಆ ಮಷಿನ್

ಹೋದ ತಿಂಗಳು ಕೇಳಿದ್ದೆ: ಅಮ್ಮನಿಗೆ ಪಿತ್ತಕೋಶದ ಆಪರೇಷನ್ ಇದೆ, ಹಿಂದೊಮ್ಮೆ ಅರಿವಳಿಕೆ ಕೊಟ್ಟಾಗ ಎರಡು ದಿನ ವಾಂತಿ ನಿಲ್ಲಲಿಲ್ಲ, ನರಕ್ಕೆ ಸಣ್ಣ ಕರೆಂಟ್ ಕೊಡುವ ಟೆನ್ಸ್ ಮಷಿನ್ ಉಪಯೋಗ ಆಗುತ್ತಾ ಅಂತ. ಆಪರೇಷನ್ ಚಿಕ್ಕಮಗಳೂರಿನಲ್ಲೇ ಆಯಿತು.

ಮಷಿನ್ ವಿಷಯ ಎತ್ತಿದಾಗ ಅರಿವಳಿಕೆ ಡಾಕ್ಟರ್ ನಗಲಿಲ್ಲ, ಅದೇ ದೊಡ್ಡದು. ಮೊದಲು ಕೇಳಿದ್ದು, "ಬಸ್ಸಲ್ಲಿ ವಾಂತಿ ಆಗುತ್ತಾ?" ಅಮ್ಮ ಧರ್ಮಸ್ಥಳಕ್ಕೆ ಹೊರಟರೆ ಕೊಟ್ಟಿಗೆಹಾರದಲ್ಲೇ ಕವರ್ ಕೈಯಲ್ಲಿ ಹಿಡಿದು ಕೂರುತ್ತಾರೆ, ಚಾರ್ಮಾಡಿ ಘಾಟಿ ಆಮೇಲಿನ ಮಾತು! ಅಂಥವರಿಗೆ, ಅದರಲ್ಲೂ ಹೆಂಗಸರಿಗೆ, ಆಪರೇಷನ್ ನಂತರ ವಾಂತಿ ಜಾಸ್ತಿಯಂತೆ.

ಮಷಿನ್‌ನ ಪ್ಯಾಡ್ ಅಂಟಿಸುವ ಜಾಗ ಡಾಕ್ಟರೇ ತೋರಿಸಿದರು. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಅಮ್ಮನದೇ ಮೂರು ಬೆರಳಿನಷ್ಟು ಅಳತೆ, ಒಳಭಾಗದಲ್ಲಿ, ಎರಡು ಸ್ನಾಯುರಜ್ಜುಗಳ ನಡುವೆ. ಆಕ್ಯುಪಂಕ್ಚರ್‌ನಲ್ಲಿ ಈ ಜಾಗಕ್ಕೆ ಪಿ6 ಅನ್ನುತ್ತಾರೆ. ಕೆಳಗೆ ಮೀಡಿಯನ್ ನರ ಹೋಗುತ್ತದೆ. ಪೇಸ್‌ಮೇಕರ್ ಇದ್ದವರಿಗೆ ಬೇಡ ಎಂದೂ ಹೇಳಿದರು.

ಮೊದಲ ಸಲ ಪ್ಯಾಡ್ ಅಂಟಲೇ ಇಲ್ಲ. ಕೈಗೆ ಕೊಬ್ಬರಿ ಎಣ್ಣೆ! ಒರೆಸಿ ಹಚ್ಚಿದೆವು. "ಇರುವೆ ಹರಿದ ಹಾಗಿದೆ ಕಣೋ" ಎಂದರು ಅಮ್ಮ.

ಈ ಸಲ ಒಂದೇ ಸಲ ವಾಂತಿ, ಸಂಜೆಗೆ ಗಂಜಿ ಕುಡಿದರು. ಆದರೆ ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಇಂಜೆಕ್ಷನ್ ಕೂಡ ಕೊಟ್ಟಿದ್ದರು. ಹಾಗಾಗಿ ಪೂರ್ತಿ ಶ್ರೇಯಸ್ಸು ಮಷಿನ್‌ಗೆ ಕೊಟ್ಟರೆ ಸುಳ್ಳಾಗುತ್ತದೆ, ಅಲ್ವಾ? ಹೊಟ್ಟೆ ನೋವಿಗಂತೂ ಮಾತ್ರೆಯೇ ಗತಿಯಾಯಿತು.

ಈಗ ಅಮ್ಮ ಘಾಟಿಗೂ ಅದನ್ನು ಕಟ್ಟಿಕೊಂಡು ಹೋಗುತ್ತೇನೆ ಅನ್ನುತ್ತಿದ್ದಾರೆ.