ಥಾರ್‌ಗೆ ಸ್ನೋ ಚೈನ್ ಯಾವುದು ತಗೊಳ್ಳಲಿ? ಎರಡು ಸಾಕಾ, ನಾಲ್ಕು ಬೇಕಾ?

ಬೆಂಗ್ಳೂರ್_ಥಾರ್
ಜನವರಿಯಲ್ಲಿ ಮನಾಲಿಗೆ ಹೊರಟಿದ್ದೇವೆ, ಬೆಂಗಳೂರಿಂದ ಗಾಡಿಯಲ್ಲೇ. ಮನಾಲಿಯಿಂದ ಸೋಲಾಂಗ್, ಧುಂಡಿ, ಅಟಲ್ ಟನಲ್ ದಾಟಿ ಸಿಸ್ಸು ನೋಡಿಕೊಂಡು ವಾಪಸ್. ಥಾರ್ ಡೀಸೆಲ್, ಫೋರ್ ಬೈ ಫೋರ್, ಕಂಪನಿಯಿಂದ ಬಂದ ಟೈರೇ ಇದೆ, 255/65 ಆರ್18. ಹಿಮದಲ್ಲಿ ಜಾರದಿರಲಿ ಅಂತ ಟೈರಿಗೆ ಸುತ್ತೋ ಸ್ನೋ ಚೈನ್ ಹುಡುಕೋಕೆ ಕೂತರೆ ತಲೆ ಕೆಡುತ್ತೆ. ಪ್ಲಾಸ್ಟಿಕ್ ಪಟ್ಟಿ ತರದ್ದು ಅಗ್ಗ. ಏಣಿ ತರ ಅಡ್ಡಡ್ಡ ಸರಪಳಿ ಇರೋ ಕಬ್ಬಿಣದ್ದು ಒಂದು ರೇಟು. ಡೈಮಂಡ್ ಪ್ಯಾಟರ್ನ್ ಅಂತ ಇನ್ನೊಂದು, ಅದರ ಬೆಲೆ ನೋಡಿ ಫೋನ್ ಪಕ್ಕಕ್ಕಿಟ್ಟೆ. ಅದರಲ್ಲೂ 9 ಎಂಎಂ, 12 ಎಂಎಂ, 16 ಎಂಎಂ ಅಂತ ಬೇರೆ. ಯಾವುದು ತಗೊಳ್ಳಲಿ? ಎರಡು ಚಕ್ರಕ್ಕೆ ಹಾಕಿದರೆ ಸಾಕಾ? ಅಪ್ಪ ಅಮ್ಮ ಜೊತೆಯಲ್ಲಿರುತ್ತಾರೆ.

ಗೇರ್_ಗೋಪಿ
ಫೋರ್ ಬೈ ಫೋರ್ ಗಾಡಿಗೆ ಚೈನ್ ಯಾಕ್ರೀ? ಅದಕ್ಕೇ ಅಲ್ವಾ ಅಷ್ಟು ದುಡ್ಡು ಸುರಿದು ತಗೊಂಡಿದ್ದು. ನಾಲ್ಕೂ ಚಕ್ರ ಓಡೋ 4ಎಚ್‌ಗೆ ಹಾಕಿ, ಎರಡನೇ ಗೇರಲ್ಲಿ ನಿಧಾನಕ್ಕೆ ಹೋಗ್ತಾ ಇರಿ. ಹಿಮ ಬಿದ್ದಾಗ ಸೋಲಾಂಗ್ ಕಡೆ ಪೊಲೀಸರೇ ಆಲ್ಟೊ, ಸ್ವಿಫ್ಟ್ ಎಲ್ಲ ನಿಲ್ಲಿಸಿ ಫೋರ್ ಬೈ ಫೋರ್ ಮಾತ್ರ ಬಿಡುತ್ತಾರೆ. ದಿನಾ ಅಲ್ಲೇ ನಿಲ್ಲೋ ಅವರಿಗೆ ಗೊತ್ತಿಲ್ವಾ?

ಟ್ರಕೀ_ತಿಮ್ಮ
ಗೋಪಿ ಅವರೇ, ಫೋರ್ ಬೈ ಫೋರ್ ಹತ್ತಿಸುತ್ತೆ, ಒಪ್ಪೋಣ. ಇಳಿಯುವಾಗ ಯಾರು ನಿಲ್ಲಿಸ್ತಾರೆ? ಬ್ರೇಕ್ ಒತ್ತಿದರೆ ಆಲ್ಟೊಗೂ ನಾಲ್ಕೇ ಚಕ್ರ, ಥಾರ್‌ಗೂ ನಾಲ್ಕೇ ಚಕ್ರ, ಥಾರ್ ತೂಕ ಜಾಸ್ತಿ ಬೇರೆ. ನಾನಿರೋದು ಸ್ಯಾಕ್ರಮೆಂಟೊದಲ್ಲಿ. ಚಳಿಗಾಲ ಬಂದರೆ ಇಲ್ಲಿನ ಕನ್ನಡದವರೆಲ್ಲ ಮಕ್ಕಳಿಗೆ ಹಿಮ ತೋರಿಸೋಕೆ ಅಂತ ಲೇಕ್ ಟಾಹೋ ಹಾದಿ ಹಿಡಿಯುತ್ತಾರೆ. ಹೈವೇ 80, ಹೈವೇ 50 ಎರಡರಲ್ಲೂ ಹಿಮ ಬಿದ್ದಾಗ ಚೈನ್ ಕಂಟ್ರೋಲ್ ಹಾಕುತ್ತಾರೆ. ಆರ್1, ಆರ್2, ಆರ್3 ಅಂತ ಮೂರು ಹಂತ. ಆರ್2ರಲ್ಲಿ ನಾಲ್ಕೂ ಚಕ್ರಕ್ಕೆ ಸ್ನೋ ಟೈರ್ ಇರೋ ಫೋರ್ ವೀಲ್ ಡ್ರೈವ್‌ಗೆ ವಿನಾಯಿತಿ. ಆರ್3 ಬಂದರೆ ಯಾರಿಗೂ ಇಲ್ಲ, ಎಲ್ಲರೂ ಚೈನ್ ಹಾಕಲೇಬೇಕು.

ಗೇರ್_ಗೋಪಿ
"ಫೋರ್ ವೀಲ್ ಡ್ರೈವ್‌ಗೆ ವಿನಾಯಿತಿ". ನೀವೇ ಹೇಳಿದ್ದು ತಿಮ್ಮಣ್ಣ. ಅಮೆರಿಕಾ ಸರ್ಕಾರವೇ ಬೇಡ ಅಂದ ಮೇಲೆ ಇವರು ಯಾಕೆ ದುಡ್ಡು ದಂಡ ಮಾಡಬೇಕು?

ಟ್ರಕೀ_ತಿಮ್ಮ
ಅರ್ಧ ಓದಿ ಅರ್ಧ ಬಿಡಬೇಡಿ. ಸ್ನೋ ಟೈರ್ ಅಂದೆ. ಮತ್ತೆ ವಿನಾಯಿತಿ ಇದ್ದರೂ ಚೈನ್ ಡಿಕ್ಕಿಯಲ್ಲಿ ಇಟ್ಟುಕೊಂಡಿರಲೇಬೇಕು. ಚೆಕ್ ಪಾಯಿಂಟಲ್ಲಿ ಕೇಳಿದಾಗ ತೋರಿಸದೆ ಹೋದರೆ ವಾಪಸ್ ಕಳಿಸ್ತಾರೆ.

ಗೇರ್_ಗೋಪಿ
ಥಾರ್ ಟೈರ್ ಆಲ್ ಟೆರೇನ್. ಅದೇ ಸಾಕು.

ಮ್ಯೂನಿಕ್_ಮಂಜ
ಆಲ್ ಟೆರೇನ್ ಅಂದ ಮಾತ್ರಕ್ಕೆ ಹಿಮದ ಟೈರ್ ಆಗಲ್ಲ ಗುರು. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹೂವು ಇರೋ ಗುರುತು ಇದೆಯಾ ನೋಡಿ. ಅದು ಪರೀಕ್ಷೆ ಮಾಡಿ ಕೊಡೋದು. ಬರೀ ಎಂ ಪ್ಲಸ್ ಎಸ್ (ಮಡ್ ಆಂಡ್ ಸ್ನೋ) ಅಂತಿದ್ದರೆ ಅದು ಕಂಪನಿಯವರು ತಾವೇ ಬರೆದುಕೊಂಡಿದ್ದು. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಬರೀ ಎಂ ಪ್ಲಸ್ ಎಸ್ ಇರೋದನ್ನ ವಿಂಟರ್ ಟೈರ್ ಅಂತ ಒಪ್ಪೋದೇ ಇಲ್ಲ. ಥಂಡಿ 7 ಡಿಗ್ರಿಗಿಂತ ಕೆಳಗೆ ಹೋದರೆ ಮಾಮೂಲಿ ರಬ್ಬರ್ ಗಟ್ಟಿಯಾಗೋಕೆ ಶುರು.

ಮಲ್ನಾಡ್_ಜೀಪು
ಎಂತ ಮಾರಾಯ್ರೆ, ಜರ್ಮನಿ ಅಮೆರಿಕಾ ಎಲ್ಲ ಯಾಕೆ? ನಮ್ಮ ಮೂಡಿಗೆರೆ ಕಡೆ ಬನ್ನಿ. ಮಳೆಗಾಲದಲ್ಲಿ ತೋಟದ ರಸ್ತೆಗೆ ಜೀಪ್ ಇಳಿಸಬೇಕು ಅಂದರೆ ಚೈನ್ ಹಾಕದೆ ಆಗೋದೇ ಇಲ್ಲ. ಏಣಿ ತರದ ಕಬ್ಬಿಣದ ಚೈನು. ಒಂದು ಕೊಂಡಿ ತುಂಡಾದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ. ಡೈಮಂಡು ಗಿಮಂಡು ಎಲ್ಲ ಅಂಗಡಿಯವರು ಮಾಡಿದ ಆಟ. ಏಣಿ ಚೈನ್ ತಗೊಳ್ಳಿ, ಹಿಂದಿನ ಎರಡು ಚಕ್ರಕ್ಕೆ ಹಾಕಿ, ಆರಾಮಾಗಿ ಹೋಗಿ ಬನ್ನಿ. ಅಪ್ಪನ ಕಾಲದಿಂದ ಹಾಗೇ ಓಡಿಸ್ತಿದ್ದೇವೆ.

ಮ್ಯೂನಿಕ್_ಮಂಜ
"ಹಿಂದಿನ ಎರಡು ಚಕ್ರಕ್ಕೆ". ಅಯ್ಯೋ ದೇವರೇ. ಇವರು ಹೋಗೋದು ಘಾಟಿ ರಸ್ತೆ ಸಾರ್. ಇಳಿಜಾರಲ್ಲಿ ತಿರುವು ಬರುತ್ತೆ, ಸ್ಟೀರಿಂಗ್ ತಿರುಗಿಸ್ತಾರೆ, ಮುಂದಿನ ಚಕ್ರಕ್ಕೆ ಹಿಡಿತವೇ ಇಲ್ಲ, ಗಾಡಿ ನೆಟ್ಟಗೆ ಹೋಗಿ ನಾಲಾಕ್ಕೆ ಬೀಳುತ್ತೆ. ಎರಡೇ ಚೈನ್ ಇದ್ದರೆ ಮುಂದಕ್ಕೆ.

ಮಲ್ನಾಡ್_ಜೀಪು
ಮುಂದಕ್ಕೆ ಹಾಕಿ ಇಳಿಜಾರಲ್ಲಿ ಬ್ರೇಕ್ ಒತ್ತಿ ನೋಡಿ ಒಂದ್ಸಲ. ಮುಂದಿನ ಚಕ್ರ ಕಚ್ಚಿಕೊಳ್ಳುತ್ತೆ, ಹಿಂಭಾಗ ತಿರುಗಿಕೊಂಡು ನಿಮಗಿಂತ ಮೊದಲು ಕೆಳಗೆ ಹೋಗುತ್ತೆ. ಗಾಡಿ ಓಡಿಸಿದ್ದೀರಾ ಅಥವಾ ಬರೀ ಟ್ರೈನಲ್ಲೇ ಓಡಾಡ್ತೀರಾ ಅಲ್ಲಿ?

ಮ್ಯೂನಿಕ್_ಮಂಜ
ಟ್ರೈನ್ ಬಗ್ಗೆ ಮಾತು ಬೇಡ. ಆಸ್ಟ್ರಿಯಾ ಗಡಿ ದಾಟಿ ಆಲ್ಪ್ಸ್ ಘಾಟಿ ಹತ್ತೋದು ನನಗೆ ಪ್ರತಿ ಚಳಿಗಾಲದ ಪಾಡು. ಇಳಿಯುವಾಗ ಭಾರ ಮುಂದಕ್ಕೆ ಬರುತ್ತೆ, ಬ್ರೇಕಿನ ಕೆಲಸ ಜಾಸ್ತಿ ಮುಂದಿನ ಚಕ್ರದ್ದೇ. ಹಿಡಿತ ಎಲ್ಲಿ ಬೇಕೋ ಅಲ್ಲಿ ಚೈನು. ಅಷ್ಟೇ.

ಮಲ್ನಾಡ್_ಜೀಪು
ಹತ್ತುವಾಗ ಭಾರ ಎಲ್ಲಿಗೆ ಬರುತ್ತೆ? ಹಿಂದಕ್ಕೆ. ಹತ್ತದೆ ಇಳಿಯೋದು ಹೇಗೆ ಮಾರಾಯ?

ಟ್ರಕೀ_ತಿಮ್ಮ
ಮಂಜ ಹೇಳಿದ್ದು ಸರಿ. ನನ್ನ ಸುಬಾರು ಮ್ಯಾನುಯಲ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ, ಚೈನ್ ಮುಂದಿನ ಚಕ್ರಕ್ಕೆ ಮಾತ್ರ ಅಂತ. ನಾಲ್ಕೂ ಚಕ್ರ ಓಡೋ ಗಾಡಿನೇ ಅದು.

ಗೇರ್_ಗೋಪಿ
ಸುಬಾರು! ಅದು ರಸ್ತೆ ಕಾರು ತಿಮ್ಮಣ್ಣ. ಥಾರ್ ಚಾಸಿ ಗಾಡಿ, 2ಎಚ್‌ನಲ್ಲಿ, ಅಂದರೆ ಎರಡೇ ಚಕ್ರಕ್ಕೆ ಶಕ್ತಿ ಹೋಗುವಾಗ, ಓಡೋದೇ ಹಿಂದಿನ ಚಕ್ರ. ಅದಕ್ಕೆ ಸರಿಸಮ ಅಂದರೆ ಟೊಯೊಟಾ 4ರನ್ನರ್. ಅದರ ಮ್ಯಾನುಯಲ್ ತೆಗೆದು ನೋಡಿ, ಹಿಂದಿನ ಚಕ್ರಕ್ಕೆ ಅಂತಲೇ ಇದೆ. ನಿಮಗೆ ಬೇಕಾದ ಮ್ಯಾನುಯಲ್ ಮಾತ್ರ ಓದ್ತೀರಾ?

ಟ್ರಕೀ_ತಿಮ್ಮ
ಚೈನೇ ಬೇಡ ಅಂದವರು ಈಗ ಎಲ್ಲಿ ಹಾಕಬೇಕು ಅಂತ ಪಾಠ ಹೇಳ್ತಿದ್ದಾರೆ. ಚೆನ್ನಾಗಿದೆ.

ಗೇರ್_ಗೋಪಿ
ಈಗಲೂ ಬೇಡ ಅಂತಲೇ ಹೇಳ್ತೀನಿ. ಹಾಕೋದೇ ಆದರೆ ಹಿಂದಕ್ಕೆ ಅಂದೆ.

ಬೆಂಗ್ಳೂರ್_ಥಾರ್
ಸಾರ್ ಎಲ್ಲರಿಗೂ ಥ್ಯಾಂಕ್ಸ್. 12ಆ 16ಆ ಯಾರಾದರೂ ಹೇಳಿ.

ವರ್ಕ್‌ಶಾಪ್_ವೆಂಕಿ
ಎರಡು ವಿಷಯ ಹೇಳಿ ಹೋಗ್ತೀನಿ, ಗ್ಯಾರೇಜಲ್ಲಿ ಗಾಡಿ ಕಾಯ್ತಿದೆ. ಒಂದು, ಥಾರ್‌ನಲ್ಲಿರೋದು ಪಾರ್ಟ್ ಟೈಮ್ ಫೋರ್ ವೀಲ್. 4ಎಚ್‌ಗೆ ಹಾಕಿದರೆ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸ್ ಒಳಗೆ ಮುಂದಿನ ಹಿಂದಿನ ಶಾಫ್ಟ್ ಒಂದಕ್ಕೊಂದು ಕೂಡಿಕೊಳ್ಳುತ್ತೆ. ಹಿಂದಿನ ಚಕ್ರಕ್ಕೆ ಹಿಡಿತ ಇದ್ದರೆ ಬ್ರೇಕ್ ಒತ್ತಿದಾಗ ಮುಂದಿನದೂ ಸುಲಭಕ್ಕೆ ಲಾಕ್ ಆಗಲ್ಲ, ಮುಂದಿನದಕ್ಕೆ ಇದ್ದರೆ ಹಿಂದಿನದೂ ಹಾಗೇ. ಅದಕ್ಕೇ ಸುಬಾರು ಲೆಕ್ಕ ಇಲ್ಲಿಗೆ ತರಬೇಡಿ. ಆದರೆ ಲಾಕ್ ಆಗದಿದ್ದ ಮಾತ್ರಕ್ಕೆ ಸ್ಟೀರಿಂಗ್ ಕೇಳುತ್ತೆ ಅಂತಲ್ಲ, ತಿರುಗಿಸೋಕೆ ಮುಂದಿನ ಟೈರಿಗೆ ಹಿಡಿತ ಬೇಕೇ ಬೇಕು. ಎರಡು, ಜಾಗ. 9, 12, 16 ಅಂದರೆ ಟೈರಿನ ಮೈಮೇಲೆ ಮತ್ತೆ ಒಳಬದಿಗೆ ಚೈನು ಎಷ್ಟು ದಪ್ಪ ಕೂರುತ್ತೆ ಅಂತ. ಗಾಡಿ ನಿಲ್ಲಿಸಿ ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಟೈರಿನ ಒಳಬದಿಗೆ ಕೈ ಹಾಕಿ. ಬ್ರೇಕ್ ಹೋಸ್, ಸಸ್ಪೆನ್ಷನ್ ಆರ್ಮ್, ಒಳಗಿನ ಪ್ಲಾಸ್ಟಿಕ್ ಲೈನರ್ ಎಲ್ಲ ಎಷ್ಟು ದೂರ ಇದೆ ಅಂತ ಬೆರಳಲ್ಲೇ ಗೊತ್ತಾಗುತ್ತೆ. ಆಮೇಲೆ ಇನ್ನೊಂದು ಕಡೆ ತಿರುಗಿಸಿ ನೋಡಿ. ಅಮೆರಿಕಾದಲ್ಲಿ ಜಾಗ ಕಡಿಮೆ ಇರೋ ಗಾಡಿಗೆ ಕ್ಲಾಸ್ ಎಸ್ ಅಂತ ಅಳತೆ ಇದೆ, ಟೈರಿನ ಮೇಲ್ಭಾಗಕ್ಕೆ 37 ಎಂಎಂ, ಪಕ್ಕಕ್ಕೆ 15 ಎಂಎಂ. ಅಷ್ಟೂ ಇಲ್ಲದಿದ್ದರೆ ಚೈನಿನ ಆಸೆ ಬಿಡಿ. ಹಿಂದೆ ಗಟ್ಟಿ ಆಕ್ಸಲ್, ಚಕ್ರ ತಿರುಗಲ್ಲ, ಹಾಗಾಗಿ ಅಲ್ಲಿ ಜಾಗ ಆರಾಮ.

ಮಲ್ನಾಡ್_ಜೀಪು
"ಹಿಂದೆ ಜಾಗ ಆರಾಮ". ಮೆಕ್ಯಾನಿಕ್ಕೇ ಹೇಳಿದ ಮೇಲೆ ಮುಗೀತು.

ಮ್ಯೂನಿಕ್_ಮಂಜ
"ಮುಂದಿನ ಟೈರಿಗೆ ಹಿಡಿತ ಬೇಕೇ ಬೇಕು". ಅದನ್ನೂ ಅವರೇ ಹೇಳಿದ್ದು, ಕಣ್ಣಿಗೆ ಬೀಳಲಿಲ್ವಾ? ಮತ್ತೆ ನಿಮ್ಮ ಏಣಿ ಚೈನಿನ ವಿಷಯ. ಎರಡು ಅಡ್ಡ ಸರಪಳಿ ನಡುವೆ ಬರೀ ರಬ್ಬರ್ ನೆಲಕ್ಕೆ ತಾಗೋ ಜಾಗ ಇರುತ್ತೆ. ಮುಂದಕ್ಕೆ ಎಳೆಯೋಕೆ ಪರವಾಗಿಲ್ಲ, ಆದರೆ ಗಾಡಿ ಅಡ್ಡಕ್ಕೆ ಜಾರಿದಾಗ ತಡೆಯೋಕೆ ಅದರಲ್ಲಿ ಏನೂ ಇಲ್ಲ. ಡೈಮಂಡ್‌ನಲ್ಲಿ ಸರಪಳಿ ಓರೆ ಓರೆಯಾಗಿ ಹೋಗುತ್ತೆ, ಯಾವಾಗಲೂ ಒಂದಲ್ಲ ಒಂದು ಕೊಂಡಿ ನೆಲ ಕಚ್ಚಿರುತ್ತೆ. ನಿಮ್ಮದು ಕೆಸರು ಸಾರ್. ಕೆಸರಲ್ಲಿ ಗಾಡಿ ಹೂತುಕೊಳ್ಳುತ್ತೆ, ಐಸಲ್ಲಿ ಹಾರಿಕೊಂಡು ಹೋಗುತ್ತೆ.

ಮಲ್ನಾಡ್_ಜೀಪು
ಕೆಸರು ಅಂದರೆ ಏನು ಗೊತ್ತುಂಟಾ ನಿಮಗೆ? ಜುಲೈ ತಿಂಗಳಲ್ಲಿ ಕೆಂಪು ಮಣ್ಣಿನ ಇಳಿಜಾರು ಮೇಲೆ ಪಾಚಿ ಕಟ್ಟಿದ ಕಲ್ಲು. ಐಸ್ ಅದರ ಮುಂದೆ ಏನೂ ಅಲ್ಲ. ಆಲ್ಪ್ಸ್‌ನಲ್ಲಿ ಉಪ್ಪು ಹಾಕಿ ಗುಡಿಸಿ ಇಟ್ಟ ರಸ್ತೆ ಮೇಲೆ ಓಡಿಸಿ ಬಂದು ನಮಗೆ ಹೇಳ್ತಾರೆ.

ಮ್ಯೂನಿಕ್_ಮಂಜ
ಪಾಚಿಗೂ ಐಸಿಗೂ ವ್ಯತ್ಯಾಸ ಗೊತ್ತಿಲ್ಲದವರ ಹತ್ರ ವಾದ ಮಾಡೋದು ನನ್ನ ತಪ್ಪು. ಮುಗಿಸಿದೆ.

ಮಲ್ನಾಡ್_ಜೀಪು
ಮುಗಿಸಿ. ಯಾರು ಕರೆದರು?

ಧಾರವಾಡ_ಪೇಡೆ
ರೀ ಸರ, ಟೈರ್ ಗಾಳಿ ಸ್ವಲ್ಪ ಕಡಿಮಿ ಮಾಡಿದ್ರ ಸಾಕಾಗೂದಿಲ್ಲೇನು? ಮರಳಾಗ ಹಂಗ ಮಾಡ್ತಾರಲ್ಲ.

ವರ್ಕ್‌ಶಾಪ್_ವೆಂಕಿ
ಗಾಳಿ ಇಳಿಸಿದ ಟೈರಿಗೆ ಚೈನ್ ಬಿಗಿದರೆ ಸಡಿಲ ಆಗಿ ಒಳಗೆ ಹೊಡೆಯೋಕೆ ಶುರು ಮಾಡುತ್ತೆ. ಮಾಮೂಲಿ ಗಾಳಿ ಇಟ್ಟೇ ಚೈನ್ ಹಾಕಬೇಕು.

ಕುಲ್ಲು_ಕನ್ನಡಿಗ
ಇಲ್ಲೇ ಕುಲ್ಲುವಿನಲ್ಲಿ ಕೆಲಸದಲ್ಲಿರೋನು ನಾನು. ಮೊದಲನೆಯದಾಗಿ, ಗೋಪಿ ಅವರೇ, ಪೊಲೀಸರು ಫೋರ್ ಬೈ ಫೋರ್ ಬಿಡುತ್ತಾರೆ ಅಂದರೆ ಅದು ಜಾರಲ್ಲ ಅಂತ ಗ್ಯಾರಂಟಿ ಕೊಟ್ಟ ಹಾಗಲ್ಲ. ಚೈನ್ ಹಾಕಿದ ಗಾಡಿನೂ ಬಿಡುತ್ತಾರೆ. ಹಿಮ ಜೋರಾದರೆ ಯಾರನ್ನೂ ಬಿಡಲ್ಲ. 2024ರ ಡಿಸೆಂಬರ್ ಕೊನೆಯಲ್ಲಿ ಸೋಲಾಂಗ್‌ಗೂ ಟನಲ್‌ಗೂ ನಡುವೆ ಸಾವಿರದಷ್ಟು ಗಾಡಿ ಸಿಕ್ಕಿಹಾಕಿಕೊಂಡಿದ್ದವು, ಪೊಲೀಸರೇ ಬಂದು ಜನರನ್ನ ಇಳಿಸಿದರು. ಎರಡನೆಯದು, ನೀವೆಲ್ಲ ಹಿಮ ಹಿಮ ಅಂತೀರಿ, ಇಲ್ಲಿ ಕೊಲ್ಲೋದು ಬ್ಲ್ಯಾಕ್ ಐಸ್. ಮಧ್ಯಾಹ್ನ ಬಿಸಿಲಿಗೆ ಕರಗಿದ ನೀರು ರಸ್ತೆ ಮೇಲೆ ಹರಿಯುತ್ತೆ, ಸಂಜೆ ನಾಲ್ಕಕ್ಕೆ ಬೆಟ್ಟದ ನೆರಳು ಬಿದ್ದ ತಿರುವಲ್ಲಿ ಹಾಗೇ ಹೆಪ್ಪುಗಟ್ಟುತ್ತೆ. ನೋಡಿದರೆ ಒದ್ದೆ ಟಾರು ಅಂದುಕೊಳ್ಳಬೇಕು. ಸಿಸ್ಸು ನೋಡಿ ಎಲ್ಲರೂ ವಾಪಸ್ ಬರೋದೂ ಅದೇ ಹೊತ್ತಿಗೆ.

ಇನ್ನೊಂದು ಯಾರೂ ಹೇಳಿಲ್ಲ. ಟನಲ್ ಒಳಗೆ 9.02 ಕಿಲೋಮೀಟರ್ ಒಣ ರಸ್ತೆ. ಚೈನ್ ಹಾಕಿಕೊಂಡೇ ನುಗ್ಗಿದರೆ ಕಬ್ಬಿಣ ಸವೆಯುತ್ತೆ, ಗಾಡಿ ಪೂರ್ತಿ ನಡುಗುತ್ತೆ. ಪ್ಲಾಸ್ಟಿಕ್ ಪಟ್ಟಿ ಆದರೆ ಆ ಕಡೆ ಬಾಯಿ ಮುಟ್ಟೋ ಹೊತ್ತಿಗೆ ಅರ್ಧ ಕಿತ್ತುಹೋಗಿರುತ್ತೆ. ಹಾಗಾಗಿ ಈ ಕಡೆ ಬಿಚ್ಚಬೇಕು, ಆ ಕಡೆ ಮತ್ತೆ ಹಾಕಬೇಕು. ಬೇಗ ಹಾಕಿ ಬೇಗ ಬಿಚ್ಚೋಕೆ ಬರೋ ಚೈನ್ ತಗೊಳ್ಳಿ. ಬೆಂಗಳೂರಲ್ಲೇ ಅಪಾರ್ಟ್‌ಮೆಂಟ್ ಪಾರ್ಕಿಂಗಲ್ಲಿ ಒಂದೆರಡು ಸಲ ಹಾಕಿ ನೋಡಿ. ಇಲ್ಲಿ ಗ್ಲೌಸ್ ಹಾಕಿಕೊಂಡರೆ ಟೈರಿನ ಹಿಂದಿನ ಕೊಕ್ಕೆ ಕೈಗೆ ಸಿಗಲ್ಲ, ಗ್ಲೌಸ್ ಬಿಚ್ಚಿದರೆ ಎರಡು ನಿಮಿಷಕ್ಕೆ ಬೆರಳೇ ಇಲ್ಲ ಅನ್ನಿಸುತ್ತೆ, ಮೊಣಕಾಲ ಕೆಳಗೆ ಕರಗಿದ ಹಿಮ. ಹಾಕಿದ ಮೇಲೆ ನೂರು ಮೀಟರ್ ಓಡಿಸಿ ಇಳಿದು ಮತ್ತೆ ಬಿಗಿ ಮಾಡಿ. ಸ್ಪೀಡು 30, ಏನೇ ಆದರೂ 40 ದಾಟಬೇಡಿ.

ಗೇರ್_ಗೋಪಿ
"ಹಿಮ ಜೋರಾದರೆ ಯಾರನ್ನೂ ಬಿಡಲ್ಲ". ಸರಿ ಹಾಗಾದರೆ, ಬಿಟ್ಟಾಗ ರಸ್ತೆ ಚೆನ್ನಾಗಿದೆ ಅಂತ ಅರ್ಥ. ಚೆನ್ನಾಗಿದ್ದರೆ ಚೈನ್ ಯಾಕೆ?

ಕುಲ್ಲು_ಕನ್ನಡಿಗ
ನಿಮಗೆ ಹೇಳಿ ಪ್ರಯೋಜನ ಇಲ್ಲ ಬಿಡಿ.

ಟ್ರಕೀ_ತಿಮ್ಮ
ಕುಲ್ಲು ಅವರೇ, ಇಲ್ಲೂ ಚೈನ್ ಹಾಕಿದರೆ ಗಂಟೆಗೆ 25 ಇಲ್ಲ 30 ಮೈಲಿ ಅಂತ ಲಿಮಿಟ್. ಕೇಬಲ್ ತರದ್ದು ನೋಡಿದ್ದೀರಾ? ತೆಳ್ಳಗಿರುತ್ತೆ, ಹಾಕೋದು ಸುಲಭ, ಮುಂದಿನ ಚಕ್ರಕ್ಕೂ ಜಾಗ ಸಾಕಾಗುತ್ತೆ.

ಮಲ್ನಾಡ್_ಜೀಪು
ಮತ್ತೆ ಮುಂದಿನ ಚಕ್ರ!

ಮ್ಯೂನಿಕ್_ಮಂಜ
ಕೇಬಲ್ ಐಸ್ ಮೇಲೆ ಕಬ್ಬಿಣದ ಕೊಂಡಿಯಷ್ಟು ಕಚ್ಚಲ್ಲ. ಥಾರ್ ತೂಕಕ್ಕೆ ದೊಡ್ಡ ಕೊಂಡಿಯದೇ ಬೇಕು, ಜಾಗ ಇದ್ದರೆ 16, ಇಲ್ಲದಿದ್ದರೆ 12, ಡೈಮಂಡ್. ಮುಂದಕ್ಕೂ ಹಿಂದಕ್ಕೂ, ನಾಲ್ಕೂ ಚಕ್ರಕ್ಕೆ. ನಾನು ಮೊದಲಿಂದ ಹೇಳ್ತಿರೋದೂ ಅದೇ.

ಮಲ್ನಾಡ್_ಜೀಪು
ಮುಗಿಸಿದೆ ಅಂದಿದ್ರಲ್ಲ? ಮತ್ತೆ ಮೊದಲಿಂದ ಹೇಳಿದ್ದು ಮುಂದಕ್ಕೆ ಅಂತ. ಮೇಲೆ ಇದೆ ನೋಡಿಕೊಳ್ಳಿ. ನಾಲ್ಕಕ್ಕೂ ಹಾಕೋದಾದರೆ ಹಿಂದಕ್ಕೂ ಹಾಕಿದ ಹಾಗೇ ಆಯ್ತು, ಅಲ್ಲಿಗೆ ನನ್ನ ಮಾತೇ ಬಂತು.

ಮ್ಯೂನಿಕ್_ಮಂಜ
ಎರಡೇ ಇದ್ದರೆ ಅಂತ ಬರೆದಿದ್ದೆ. ಕನ್ನಡ ಓದೋಕೆ ಬರುತ್ತೆ ಅಲ್ವಾ?

ಬೆಂಗ್ಳೂರ್_ಥಾರ್
ನಿನ್ನೆ ಸ್ಟೀರಿಂಗ್ ತಿರುಗಿಸಿ ಕೈ ಹಾಕಿ ನೋಡಿದೆ ವೆಂಕಿ ಸಾರ್, ಮುಂದೆ ಒಳಬದಿಯಲ್ಲಿ 16 ಹಿಡಿಸೋದು ಅನುಮಾನ, 12 ಆಗಬಹುದು. ನಾಲ್ಕಕ್ಕೂ ಡೈಮಂಡ್ ಅಂದರೆ ಹೆಂಡತಿ ಒಪ್ಪಲ್ಲ. ಅಪ್ಪ ಬೇರೆ ಕೇಳ್ತಿದ್ದಾರೆ, ಮನಾಲಿ ಹೋಟೆಲಲ್ಲಿ ಥಾರ್ ನಿಲ್ಲಿಸಿ ಅಲ್ಲಿಂದ ಲೋಕಲ್ ಟ್ಯಾಕ್ಸಿ ಮಾಡಿಕೊಂಡರೆ ಆಗಲ್ವಾ ಅಂತ.

ಕುಲ್ಲು_ಕನ್ನಡಿಗ
ಆಗುತ್ತೆ. ಹಿರಿಯರು ಜೊತೆಗಿದ್ದಾರೆ ಅಂದರೆ ನಾನೂ ಅದೇ ಹೇಳ್ತೀನಿ.

ಗೇರ್_ಗೋಪಿ
ಬೆಂಗಳೂರಿಂದ ಮನಾಲಿವರೆಗೆ ಥಾರ್ ಓಡಿಸಿಕೊಂಡು ಹೋಗಿ ಟ್ಯಾಕ್ಸಿ ಹತ್ತೋದಾ? ಗಾಡಿ ಮಾರಿಬಿಡಿ ಸಾರ್, ನನಗೇ ಕೊಡಿ.

ಮಲ್ನಾಡ್_ಜೀಪು
ಟ್ಯಾಕ್ಸಿ ಮಾಡಿಕೊಂಡು ಹೋಗಿ, ತಪ್ಪೇನಿಲ್ಲ. ಆದರೆ ಫೋರ್ ಬೈ ಫೋರ್ ಟ್ಯಾಕ್ಸಿನೇ ಹಿಡೀರಿ, ಡ್ರೈವರ್ ಚೈನ್ ಯಾವ ಚಕ್ರಕ್ಕೆ ಹಾಕ್ತಾನೆ ಅಂತ ಒಂದು ಫೋಟೊ ತೆಗೆದು ಇಲ್ಲಿ ಹಾಕಿ. ಮಂಜ ಅವರು ನೋಡಲಿ.